ಬರೆದವರು ಶಾರದಾ ಪ್ರಸಾದ್, ಹೆಸರು ಪ್ರಧಾನಿಯದ್ದು

ಹೋದ ತಿಂಗಳು ನಮ್ಮ ಹಳೇ ವಿದ್ಯಾರ್ಥಿಯೊಬ್ಬ ಮಾವಿನಕುರ್ವೆಗೆ ಬಂದಿದ್ದ. ಅಸರ್ ಮುಗಿದು ಮದ್ರಸದ ಮಕ್ಕಳು ಮನೆಗೆ ಹೋಗಿದ್ದರು. ನಮ್ಮ ಮುಂದೆ ಕೂತು ಅಲಿಫ್ ಬಾ ಕಲಿತ ಹುಡುಗ ಅವನು. ಆಮೇಲೆ ಮಂಗಳೂರಿಗೆ ಹೋಗಿ ಪತ್ರಿಕೋದ್ಯಮ ಓದಿದ. ಮನೆಯಲ್ಲಿ ಅಷ್ಟೇನೂ ಇಷ್ಟವಿರಲಿಲ್ಲ. "ಅದು ಗಲ್ಫಿಗೆ ಹೋಗುವ ಓದಲ್ಲವಲ್ಲ ಉಸ್ತಾದ್" ಎಂದು ಅವನ ಉಮ್ಮ ನಮ್ಮ ಹತ್ತಿರವೇ ಬೇಸರ ಮಾಡಿಕೊಂಡಿದ್ದರು. ಈಗ ಅವನಿಗೆ ಒಬ್ಬ ರಾಜಕಾರಣಿಯ ಕಚೇರಿಯಲ್ಲಿ ಕೆಲಸ. ಪತ್ರಿಕಾ ಹೇಳಿಕೆ ಬರೆಯೋದು, ಭಾಷಣಕ್ಕೆ ಅಂಶ ಹುಡುಕಿ ಕೊಡೋದು, ಫೇಸ್‌ಬುಕ್ಕು ವಾಟ್ಸಾಪಿಗೆ ಹಾಕೋದು.

ಚಹಾ ಕುಡಿದು ಮುಗಿದ ಮೇಲೆ ಮೆಲ್ಲ ಕೇಳಿದ. "ಉಸ್ತಾದ್, ಬರೆಯೋದು ನಾನು, ಹೆಸರು ಅವರದ್ದು. ಒಂದು ಬಂದರಿನ ಹೂಳೆತ್ತುವ ಕೆಲಸ ಮಂಜೂರಾಗಿದೆ ಅಂತ ಬರಿ ಅಂದಿದ್ದಾರೆ. ಮಂಜೂರಾಗಿಲ್ಲ, ಫೈಲು ಇನ್ನೂ ಮೇಲೆ ಹೋಗಿಲ್ಲ, ನನಗೆ ಗೊತ್ತು. ಬರೆದರೆ ಸುಳ್ಳು ಯಾರ ಲೆಕ್ಕಕ್ಕೆ?"

ಅವನ ಕಾಕನಿಗೂ ಒಂದು ಬೋಟಿದೆ. ಹೂಳು ತುಂಬಿದ ಬಾಯಲ್ಲಿ ಬೋಟು ತಾಗಿದರೆ ಏನಾಗುತ್ತದೆ ಎಂದು ಆ ಮನೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಾವು ಕೂಡಲೇ ಉತ್ತರ ಕೊಡಲಿಲ್ಲ. ಸುಳ್ಳು ಸುಳ್ಳೇ, ಅದಕ್ಕೆ ಕಿತಾಬು ತೆರೆಯಬೇಕಾಗಿಲ್ಲ. ಆದರೆ ಹುಡುಗ ಕೇಳಿದ್ದು ಅಷ್ಟನ್ನೇ ಅಲ್ಲ. ಇನ್ನೊಬ್ಬರ ಬಾಯಿಗೆ ಮಾತು ಬರೆದುಕೊಡುವ ಈ ಕೆಲಸದಲ್ಲಿ ಮನುಷ್ಯ ನೆಟ್ಟಗೆ ಇರಲು ಸಾಧ್ಯವೇ, ಇದ್ದವರು ಯಾರಾದರೂ ಉಂಟೇ ಎಂದು ಅವನು ಕೇಳುತ್ತಿದ್ದ. ಆಗ ನಮಗೆ ನೆನಪಾದ ಹೆಸರು ಎಚ್.ವೈ. ಶಾರದಾ ಪ್ರಸಾದ್. ಹುಡುಗ ಕೇಳಿರಲಿಲ್ಲ. ಪತ್ರಿಕೋದ್ಯಮ ಓದಿದವನಿಗೇ ಗೊತ್ತಿಲ್ಲದ ಮೇಲೆ ನಮ್ಮ ಮನೆಗಳಲ್ಲಿ ಎಷ್ಟು ಜನರಿಗೆ ಗೊತ್ತಿರಬಹುದು? ಅದಕ್ಕೇ ಈ ವಾರ ಅವರ ಬಗ್ಗೆ ಬರೆಯುತ್ತಿದ್ದೇವೆ.

ಇಂದಿರಾ ಗಾಂಧಿ ಪ್ರಧಾನಿಯಾಗಿದ್ದ ಹೆಚ್ಚುಕಡಿಮೆ ಎಲ್ಲ ಕಾಲವೂ ಅವರ ಮಾಹಿತಿ ಸಲಹೆಗಾರರಾಗಿದ್ದವರು ಈ ಕನ್ನಡಿಗ. ಹೆಸರಿನ 'ಎಚ್' ಎಂದರೆ ಹೊಳೆನರಸೀಪುರ. ಆ ಊರು ಎಂದ ಕೂಡಲೇ ಎಲ್ಲರಿಗೂ ದೇವೇಗೌಡರು ಕಣ್ಣ ಮುಂದೆ ಬರುತ್ತಾರೆ. ದೇವೇಗೌಡರು 1996ರಲ್ಲಿ ಪ್ರಧಾನಿಯ ಕುರ್ಚಿಗೆ ಹೋದರು, ಈ ಮನುಷ್ಯ ಅದಕ್ಕೂ ಮೂವತ್ತು ವರ್ಷ ಮೊದಲೇ ಆ ಕುರ್ಚಿಯ ಪಕ್ಕದ ಕೋಣೆಗೆ ಹೋಗಿದ್ದರು.

ಹುಟ್ಟಿದ್ದು 1924ರ ಏಪ್ರಿಲ್ 15, ಬೆಂಗಳೂರಲ್ಲಿ. ತಂದೆ ಯೋಗನರಸಿಂಹಂ ಸಂಸ್ಕೃತ ವಿದ್ವಾಂಸರು, ಸಂಗೀತ ಕೃತಿಗಳನ್ನು ರಚಿಸಿದವರು. ಮಗ ಓದಿದ್ದು ಮೈಸೂರಿನ ಮಹಾರಾಜಾ ಕಾಲೇಜಲ್ಲಿ. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಬಂತು. ವಿದ್ಯಾರ್ಥಿಗಳ ಮುಂದಾಳಾಗಿದ್ದ ಶಾರದಾ ಪ್ರಸಾದ್ ಜೈಲಿಗೆ ಹೋದರು. ಜೈಲಲ್ಲಿ ಕೂತು ದಿನಚರಿ ಬರೆದರು. ಹತ್ತೊಂಬತ್ತು ವರ್ಷದ ಹುಡುಗನ ಆ ದಿನಚರಿ ಅವರು ತೀರಿಕೊಂಡ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂತು. ಬದುಕಿದ್ದಷ್ಟು ದಿನ ಅದನ್ನು ಮುಂದಿಟ್ಟುಕೊಂಡು ನಾನೂ ಸ್ವಾತಂತ್ರ್ಯ ಹೋರಾಟಗಾರ ಎಂದು ತಿರುಗಿದವರಲ್ಲ. ಈ ಜೈಲಿನ ವಿಷಯ ಓದುಗರು ನೆನಪಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಜೈಲಿಂದ ಬಂದ ಮೇಲೆ ಬೊಂಬಾಯಿಗೆ ಹೋಗಿ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಸೇರಿದರು. 1955-56ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಪತ್ರಕರ್ತರಿಗೆ ಕೊಡುವ ನೀಮನ್ ಫೆಲೋಶಿಪ್ ಸಿಕ್ಕಿತು. ವಾಪಸ್ ಬಂದು ಸರಕಾರದ 'ಯೋಜನಾ' ಪತ್ರಿಕೆಗೆ ಸೇರಿದರು. 1957ರಲ್ಲಿ ಆ ಪತ್ರಿಕೆ ಶುರುವಾದಾಗ ಸಂಪಾದಕರಾಗಿದ್ದವರು ಖುಷ್ವಂತ್ ಸಿಂಗ್, ಅವರ ನಂತರ ಆ ಜಾಗಕ್ಕೆ ಬಂದವರು ಇವರು. ಐಎಎಸ್, ಕೆಎಎಸ್ ಪರೀಕ್ಷೆಗೆ ಕೂರುವ ಮಕ್ಕಳು ಇವತ್ತಿಗೂ ಅಂಡರ್‌ಲೈನ್ ಮಾಡಿ ಓದುವ ಪತ್ರಿಕೆ ಅದು. 1966ರಲ್ಲಿ ಇಂದಿರಾ ಪ್ರಧಾನಿಯಾದರು. ಅದೇ ವರ್ಷ ಶಾರದಾ ಪ್ರಸಾದ್ ಪ್ರಧಾನಿಯ ಸಚಿವಾಲಯಕ್ಕೆ ಹೋದರು.

ಅಲ್ಲಿ ಏನು ಕೆಲಸ ಎಂದು ಕೇಳಬಹುದು. ಟಿವಿ ಕ್ಯಾಮರಾದ ಮುಂದೆ ಬಂದು ಮಾತಾಡೋದಲ್ಲ. ಬೆಳಿಗ್ಗೆ ಪತ್ರಿಕೆಗಳಲ್ಲಿ ಏನು ಬಂದಿದೆ ಎಂದು ಪ್ರಧಾನಿಗೆ ಹೇಳಬೇಕು. ಹೊಗಳಿಕೆ ಹೇಳೋದು ಸುಲಭ, ಬೈಗುಳ ಹೇಳೋದೇ ಕಷ್ಟ. ವಿದೇಶದ ಪತ್ರಕರ್ತ ಬಂದರೆ ಏನು ಕೇಳಬಹುದು, ಏನು ಉತ್ತರ ಕೊಡಬಹುದು ಎಂದು ಮೊದಲೇ ತಯಾರು ಮಾಡಬೇಕು. ಭಾಷಣ ಬರೆಯಬೇಕು, ಅದೂ ತನ್ನ ಭಾಷೆಯಲ್ಲಿ ಅಲ್ಲ, ಮಾತಾಡುವವರ ಭಾಷೆಯಲ್ಲಿ. ಚಪ್ಪಾಳೆ ಬಿದ್ದಾಗ ಹಿಂದಿನ ಸಾಲಲ್ಲಿ ಸುಮ್ಮನೆ ಕೂತಿರಬೇಕು.

ಇದೇನೂ ಇವತ್ತಿನ ಕಸುಬಲ್ಲ. ಉಮಯ್ಯ ವಂಶದ ಕೊನೆಯ ಖಲೀಫ ಮರ್ವಾನರಿಗೆ ಪತ್ರ ಬರೆದುಕೊಡುತ್ತಿದ್ದ ಅಬ್ದುಲ್ ಹಮೀದ್ ಅಲ್ ಕಾತಿಬ್ ಎಂಬವರು ಇದ್ದರು. ಅವರ ರಾಜ್ಯ ಬಿದ್ದದ್ದು 750ರಲ್ಲಿ. ಈ ಕಸುಬಿನವರಿಗೆಂದೇ ಅವರು ಬರೆದ ಒಂದು ಉದ್ದದ ಪತ್ರವನ್ನು ಇಬ್ನ್ ಖಲ್ದೂನ್ ತನ್ನ ಮುಖದ್ದಿಮದಲ್ಲಿ ಉಳಿಸಿಕೊಟ್ಟಿದ್ದಾನೆ. ಅದರಲ್ಲೊಂದು ಹೋಲಿಕೆ ಇದೆ. ಕುದುರೆ ಪಳಗಿಸುವವನು ಮೊದಲು ಅದರ ಗುಣ ತಿಳಿದುಕೊಳ್ಳುತ್ತಾನೆ. ಓಡುವ ಕುದುರೆಯನ್ನು ಕೆಣಕೋದಿಲ್ಲ, ಒದೆಯುವ ಕುದುರೆಯ ಕಾಲಿನ ಮೇಲೆ ಕಣ್ಣಿಡುತ್ತಾನೆ. ಮಾತೇ ಬಾರದ ಪ್ರಾಣಿಯ ಹತ್ತಿರವೇ ಇಷ್ಟು ಎಚ್ಚರ ಬೇಕಾದರೆ, ಮಾತು ಬರುವ, ಕೋಪವೂ ಬರುವ ದೊಡ್ಡವರ ಹತ್ತಿರ ಎಷ್ಟು ಬೇಕು ಎಂಬರ್ಥದಲ್ಲಿ ಬರೆದಿದ್ದಾರೆ. ಇಂದಿರಾ ಗಾಂಧಿಯಂಥವರ ಹತ್ತಿರ ಅಷ್ಟು ವರ್ಷ ಉಳಿದ ಮನುಷ್ಯನಿಗೆ ಈ ವಿದ್ಯೆ ಗೊತ್ತಿದ್ದಿರಲೇಬೇಕು.

ಈಗ ಕಷ್ಟದ ಭಾಗಕ್ಕೆ ಬರೋಣ. ಅದನ್ನು ಬಿಟ್ಟು ಹೊಗಳಿಕೆ ಮಾತ್ರ ಬರೆದರೆ ನಾವೂ ಪತ್ರಿಕಾ ಹೇಳಿಕೆ ಬರೆದ ಹಾಗೆ ಆಗುತ್ತದೆ.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ದಿಲ್ಲಿಯಲ್ಲಿ ಪತ್ರಿಕಾ ಕಚೇರಿಗಳಿರುವ ಬಹಾದುರ್ ಷಾ ಝಫರ್ ಮಾರ್ಗದ ಕರೆಂಟು ತೆಗೆದರು. ಸೆನ್ಸಾರ್ ಹೇರಿದರು. ಮಾಹಿತಿ ಮತ್ತು ಪ್ರಸಾರ ಮಂತ್ರಿಯಾಗಿದ್ದ ಐ.ಕೆ. ಗುಜ್ರಾಲ್ ಅವರನ್ನು ಕೆಲವೇ ದಿನಗಳಲ್ಲಿ ಬದಲಿಸಿ ವಿ.ಸಿ. ಶುಕ್ಲಾರನ್ನು ಕೂರಿಸಿದರು. ಜೂನ್ 28ರಂದು ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಪತ್ರಿಕೆ ತಂದಿತು. ಹೌದು, ಶಾರದಾ ಪ್ರಸಾದ್ ಯೌವನದಲ್ಲಿ ದುಡಿದ ಅದೇ ಪತ್ರಿಕೆ. ಆರೆಸ್ಸೆಸ್ ಜೊತೆ ಜಮಾಅತೆ ಇಸ್ಲಾಮಿ ಹಿಂದನ್ನೂ ನಿಷೇಧಿಸಿದರು. ಮರುವರ್ಷ ಏಪ್ರಿಲಿನಲ್ಲಿ ದಿಲ್ಲಿಯ ತುರ್ಕಮಾನ್ ಗೇಟಿನಲ್ಲಿ ಮನೆಗಳ ಮೇಲೆ ಬುಲ್ಡೋಝರ್ ಹೋಯಿತು, ಜನರ ಮೇಲೆ ಗುಂಡು ಹಾರಿತು. ಇದನ್ನೆಲ್ಲ ನಮ್ಮ ಹಿರಿಯರು ರೇಡಿಯೋದಲ್ಲಿ ಕೇಳಿದ್ದಲ್ಲ, ಯಾಕೆಂದರೆ ರೇಡಿಯೋ ಹೇಳಲಿಲ್ಲ. ಬಾಯಿಂದ ಬಾಯಿಗೆ ಬಂದದ್ದು.

ಆಗ ಪ್ರಧಾನಿಯ ಮಾಹಿತಿ ಸಲಹೆಗಾರರು ಯಾರು? ಮಾತಾಡುವ ಹಕ್ಕಿಗಾಗಿ ಹುಡುಗನಾಗಿದ್ದಾಗ ಜೈಲು ಕಂಡ ಇದೇ ಶಾರದಾ ಪ್ರಸಾದ್. ಸೆನ್ಸಾರ್ ನಡೆಸಿದ್ದು ಅವರಲ್ಲ, ಅದು ಮಂತ್ರಾಲಯದ ಕೆಲಸ. ಆದರೆ ಅವರು ರಾಜೀನಾಮೆ ಕೊಡಲಿಲ್ಲ. ಆ ಕೋಣೆಯಲ್ಲೇ ಉಳಿದರು.

ಇನ್ನೊಂದು ಕಡೆ ನೋಡಿ. ನಮ್ಮ ಕರಾವಳಿಯ ಕೋಟದ ಶಿವರಾಮ ಕಾರಂತರು ಆಗ ಏನು ಮಾಡಿದರು? ಸರಕಾರ ಕೊಟ್ಟಿದ್ದ ಪದ್ಮಭೂಷಣವನ್ನು ತುರ್ತು ಪರಿಸ್ಥಿತಿಯ ವಿರುದ್ಧ ವಾಪಸ್ ಕೊಟ್ಟರು. ಕಾರಂತರು ನಮಗೆ ಹೊರಗಿನವರಲ್ಲ. 1989ರಲ್ಲಿ ಕೈಗಾ ಅಣುಸ್ಥಾವರದ ವಿರುದ್ಧ ದನಿ ಎತ್ತಿ, ಭಟ್ಕಳ ಹೊನ್ನಾವರ ಕುಮಟಾ ಎಲ್ಲ ಸೇರಿದ ನಮ್ಮ ಈ ಕ್ಷೇತ್ರದಿಂದಲೇ ಲೋಕಸಭೆಗೆ ನಿಂತು ಸೋತರು. ಆಗ ಓಟು ಹಾಕಿದವರು ಇನ್ನೂ ಊರಲ್ಲಿದ್ದಾರೆ.

ಈ ಎರಡು ದಾರಿಗಳು ಒಂದು ಕಡೆ ಕೂಡುತ್ತವೆ. ಕಾರಂತರ ಆತ್ಮಕಥೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಪುಸ್ತಕವನ್ನು ಮುಂದೆ ಇಂಗ್ಲಿಷಿಗೆ ತಂದವರು ಯಾರು ಗೊತ್ತೇ? ಶಾರದಾ ಪ್ರಸಾದ್! ಪ್ರಶಸ್ತಿ ಬಿಸಾಡಿದವರ ಜೀವನವನ್ನು, ಆ ಪ್ರಶಸ್ತಿ ಕೊಟ್ಟ ಸರಕಾರದ ಒಳಗೆ ಕೂತಿದ್ದವರು ಪುಟ ಪುಟ ಅನುವಾದ ಮಾಡಿದರು. ಅದು ಪ್ರಾಯಶ್ಚಿತ್ತವೋ, ಕಾರಂತರ ಮೇಲಿನ ಪ್ರೀತಿಯೋ, ಬರೇ ಸಾಹಿತ್ಯದ ರುಚಿಯೋ, ಓದುಗರು ಬೇಕಾದ ಹಾಗೆ ತಿಳಿದುಕೊಳ್ಳಲಿ. 2000ದಲ್ಲಿ ಶಾರದಾ ಪ್ರಸಾದರಿಗೂ ಪದ್ಮಭೂಷಣ ಬಂತು. ಅವರು ಇಟ್ಟುಕೊಂಡರು.

ನಮ್ಮ ಅಭಿಪ್ರಾಯ ಕೇಳಿದರೆ, 1975ರಲ್ಲಿ ಅವರು ಹೊರಗೆ ಬರಬೇಕಿತ್ತು. ಒಳಗೆ ಒಬ್ಬ ಒಳ್ಳೆಯವನು ಇದ್ದರೆ ಕೆಡುಕು ಸ್ವಲ್ಪ ಕಡಿಮೆಯಾಗುತ್ತದೆ ಎಂಬ ವಾದ ಉಂಟು, ಅದು ಪೂರಾ ಸುಳ್ಳಲ್ಲ. ಆದರೆ ಆ ಲೆಕ್ಕ ನೋಡಲು ಹೊರಗಿನವರಿಗೆ ಆಗೋದಿಲ್ಲ. ಹೊರಗಿನವರಿಗೆ ಕಾಣೋದು ಕಾರಂತರು ಕೊಟ್ಟದ್ದು, ಇವರು ಕೊಡದೇ ಇದ್ದದ್ದು. ಹಾಗೆಂದು ಇವರನ್ನು ಹೊಗಳುಭಟ್ಟ ಎಂದರೆ ಅದೂ ಅನ್ಯಾಯ. 1977ರಲ್ಲಿ ಇಂದಿರಾ ಸೋತರು, ಮೊರಾರ್ಜಿ ದೇಸಾಯಿ ಬಂದರು. ಇಂದಿರಾ ಸರಕಾರವೇ ಜೈಲಿಗೆ ಹಾಕಿದ್ದ ಮನುಷ್ಯ ಮೊರಾರ್ಜಿ. ಅವರ ಹತ್ತಿರವೂ ಶಾರದಾ ಪ್ರಸಾದ್ ಕೆಲ ಸಮಯ ಕೆಲಸ ಮಾಡಿದರು. ಹೊಗಳುಭಟ್ಟನನ್ನು ಎದುರಾಳಿ ಯಾಕೆ ಇಟ್ಟುಕೊಳ್ಳುತ್ತಾನೆ? ಆಮೇಲೆ ದಿಲ್ಲಿಯ ಭಾರತೀಯ ಸಮೂಹ ಸಂವಹನ ಸಂಸ್ಥೆಯ ನಿರ್ದೇಶಕರಾದರು. 1980ರಲ್ಲಿ ಇಂದಿರಾ ಮತ್ತೆ ಗೆದ್ದು ಬಂದಾಗ ಮತ್ತೆ ಅವರನ್ನೇ ಕರೆಸಿಕೊಂಡರು.

1984ರ ಅಕ್ಟೋಬರ್ 30ರಂದು ಇಂದಿರಾ ಒಡಿಶಾದ ಭುವನೇಶ್ವರದಲ್ಲಿ ಮಾತಾಡಿದರು. ಭಾಷಣ ಬರೆದುಕೊಟ್ಟವರು ಎಂದಿನಂತೆ ಶಾರದಾ ಪ್ರಸಾದ್. ಓದುತ್ತಾ ಓದುತ್ತಾ ಇಂದಿರಾ ಒಮ್ಮೆಲೇ ಆ ಕಾಗದ ಬಿಟ್ಟು ಬೇರೆಯೇ ಮಾತಾಡತೊಡಗಿದರು. ತಾನು ಇವತ್ತು ಇದ್ದೇನೆ, ನಾಳೆ ಇಲ್ಲದೇ ಹೋಗಬಹುದು, ತನ್ನ ರಕ್ತದ ಒಂದೊಂದು ಹನಿಯೂ ದೇಶಕ್ಕೆ ಬಲ ಕೊಡುತ್ತದೆ ಎಂಬ ಧಾಟಿಯಲ್ಲಿ. ಹದಿನೆಂಟು ವರ್ಷದ ಈ ಸಂಬಂಧದಲ್ಲಿ ಇವರು ಎಷ್ಟು ಭಾಷಣ ಬರೆದುಕೊಟ್ಟರೋ. ಜನರ ಬಾಯಲ್ಲಿ ಉಳಿದದ್ದು ಮಾತ್ರ ಇವರು ಬರೆಯದೇ ಇದ್ದ ಆ ನಾಲ್ಕು ಮಾತು.

ಮಾರನೇ ದಿನ ಬೆಳಿಗ್ಗೆ ಬ್ರಿಟಿಷ್ ನಟ ಪೀಟರ್ ಉಸ್ತಿನೋವ್ ಟಿವಿ ಸಂದರ್ಶನಕ್ಕೆ ಬಂದಿದ್ದರು. ಅಕ್ಬರ್ ರಸ್ತೆಯ ಕಚೇರಿಯ ಹುಲ್ಲುಹಾಸಿನಲ್ಲಿ ಕ್ಯಾಮರಾ ಇಟ್ಟು ಕಾಯುತ್ತಿದ್ದರು. ಅವರ ಜೊತೆ ಶಾರದಾ ಪ್ರಸಾದ್ ಇದ್ದರು. ಇಂದಿರಾ ಪಕ್ಕದ ಸಫ್ದರ್‌ಜಂಗ್ ರಸ್ತೆಯ ಮನೆಯಿಂದ ಹೊರಟು ನಡೆದು ಬರಬೇಕಿತ್ತು, ಕೆಲವೇ ಹೆಜ್ಜೆ ದಾರಿ. ಕೇಳಿಸಿದ್ದು ಗುಂಡಿನ ಶಬ್ದ.

ಆಮೇಲೆ ರಾಜೀವ್ ಗಾಂಧಿಯ ಹತ್ತಿರವೂ ಕೆಲ ವರ್ಷ ಇದ್ದು, 1988ರ ಹೊತ್ತಿಗೆ ಹೊರಗೆ ಬಂದರು. 2008ರ ಸೆಪ್ಟೆಂಬರ್ 2ರಂದು ದಿಲ್ಲಿಯಲ್ಲಿ ತೀರಿಕೊಂಡರು. ಆ ಇಪ್ಪತ್ತು ವರ್ಷದಲ್ಲಿ ಪ್ರಕಾಶಕರು ಅವರ ಬೆನ್ನು ಬಿದ್ದಿರಬೇಕು. ತುರ್ತು ಪರಿಸ್ಥಿತಿ, ಬಾಂಗ್ಲಾ ಯುದ್ಧ, ಸಂಜಯ್ ಗಾಂಧಿ, ಎಲ್ಲವನ್ನೂ ಹತ್ತಿರದಿಂದ ಕಂಡವರು. ಒಂದು ಪುಸ್ತಕ ಬರೆದಿದ್ದರೆ ದುಡ್ಡು ಮಳೆಯ ಹಾಗೆ ಬರುತ್ತಿತ್ತು. ಅವರು ಬರೆಯಲಿಲ್ಲ. 2003ರಲ್ಲಿ ಬಂದ ಅವರ ಲೇಖನಗಳ ಸಂಗ್ರಹದ ಹೆಸರೇ ಕನ್ನಡದಲ್ಲಿ ಹೇಳುವುದಾದರೆ 'ನಾನು ಬರೆಯದಿರುವ ಪುಸ್ತಕ ಮತ್ತು ಇತರ ಪ್ರಬಂಧಗಳು'.

ಇದನ್ನು ಮನಮೋಹನ್ ಸಿಂಗರ ಮಾಧ್ಯಮ ಸಲಹೆಗಾರರಾಗಿದ್ದ ಸಂಜಯ ಬಾರು ಅವರ ಜೊತೆ ಇಟ್ಟು ನೋಡಿ. 2004ರಿಂದ 2008ರವರೆಗೆ ಆ ಕಚೇರಿಯಲ್ಲಿದ್ದವರು ಅವರು. ಅವರ ಪುಸ್ತಕ ಬಂದದ್ದು 2014ರ ಏಪ್ರಿಲಿನಲ್ಲಿ, ಸರಿಯಾಗಿ ಲೋಕಸಭಾ ಚುನಾವಣೆಯ ನಡುವೆ, ಮನಮೋಹನ್ ಸಿಂಗ್ ಇನ್ನೂ ಪ್ರಧಾನಿಯಾಗಿದ್ದಾಗಲೇ. ಆಮೇಲೆ ಸಿನಿಮಾ ಕೂಡ ಆಯಿತು. ಜನರಿಗೆ ತಿಳಿಯುವ ಹಕ್ಕಿದೆ ಎಂಬ ಮಾತು ನಾವು ಒಪ್ಪುತ್ತೇವೆ. ತುರ್ತು ಪರಿಸ್ಥಿತಿಯ ಬಗ್ಗೆ ಶಾರದಾ ಪ್ರಸಾದ್ ಒಂದು ಪೂರ್ಣ ಪುಸ್ತಕ ಬರೆದಿದ್ದರೆ ದೇಶಕ್ಕೆ ಉಪಕಾರ ಆಗುತ್ತಿತ್ತೇನೋ. ಆದರೆ ಅಮಾನತ್ ಎಂಬುದೊಂದು ಇದೆ. ಅಬ್ದುಲ್ ಹಮೀದ್ ತನ್ನ ಪತ್ರದಲ್ಲಿ ಈ ಕಸುಬಿನವರು ಗುಟ್ಟು ಕಾಯಬೇಕು ಎಂದಿದ್ದಾರೆ. ಗುಟ್ಟು ಕಾಯೋದು ಬೇರೆ, ಸುಳ್ಳು ಬರೆಯೋದು ಬೇರೆ. ಇವೆರಡರ ನಡುವಿನ ಗೆರೆ ತೆಳ್ಳಗಾದಾಗಲೇ ಈ ಕೆಲಸ ಹಾಳಾಗೋದು.

ಎಷ್ಟು ಹಾಳಾಗಬಹುದು ಎಂದು ತಿಳಿಯಲು ಲಂಡನ್ ಕಡೆ ನೋಡಿದರೆ ಸಾಕು. ಟೋನಿ ಬ್ಲೇರ್ ಪ್ರಧಾನಿಯಾಗಿದ್ದಾಗ ಅವರ ಸಂವಹನದ ಮುಖ್ಯಸ್ಥ ಅಲಸ್ಟೇರ್ ಕ್ಯಾಂಪ್‌ಬೆಲ್. ಪತ್ರಕರ್ತನಾಗಿದ್ದವನೇ. 2002ರ ಸೆಪ್ಟೆಂಬರಿನಲ್ಲಿ ಬ್ಲೇರ್ ಸರಕಾರ ಇರಾಕಿನ ಬಗ್ಗೆ ಒಂದು ದಾಖಲೆ ಹೊರತಂದಿತು. ಸದ್ದಾಮ್ ಆಜ್ಞೆ ಕೊಟ್ಟ 45 ನಿಮಿಷದಲ್ಲಿ ಕೆಲವು ರಾಸಾಯನಿಕ, ಜೈವಿಕ ಅಸ್ತ್ರಗಳು ಸಿದ್ಧವಾಗಬಲ್ಲವು ಎಂದು ಅದರಲ್ಲಿತ್ತು. ಮರುವರ್ಷ ಮಾರ್ಚಿನಲ್ಲಿ ಬಾಂಬು ಬೀಳತೊಡಗಿತು. ಅಸ್ತ್ರ ಸಿಗಲೇ ಇಲ್ಲ. ದಾಖಲೆಯನ್ನು ಬೇಕೆಂದೇ ಬಣ್ಣ ಕಟ್ಟಿ ತಯಾರಿಸಿದರು ಎಂಬ ಆರೋಪ ಬಂತು. ಕ್ಯಾಂಪ್‌ಬೆಲ್ 2003ರ ಆಗಸ್ಟಿನಲ್ಲಿ ಕೆಲಸ ಬಿಡುವುದಾಗಿ ಹೇಳಿದ. 2004ರಲ್ಲಿ ನ್ಯಾಯಮೂರ್ತಿ ಹಟನ್ ವರದಿ ಸರಕಾರದ ಮೇಲೆ ತಪ್ಪು ಹೊರಿಸಲಿಲ್ಲ. ಬಗ್ದಾದಿನಲ್ಲಿ ಸತ್ತವರು ಆ ವರದಿ ಓದಲು ಇರಲಿಲ್ಲ.

ನಾವು ಇದನ್ನೆಲ್ಲ ಹೇಳುತ್ತಿದ್ದಾಗ ಹುಡುಗ ಒಂದು ಮಾತು ಕೇಳಿದ. "ಹಾಗಾದರೆ ನಮ್ಮವರು ಈ ಕೆಲಸಕ್ಕೆ ಹೋಗಲೇಬಾರದಾ ಉಸ್ತಾದ್?"

ಇಲ್ಲ ಮೋನೆ, ಹಾಗಲ್ಲ. ನಮ್ಮ ಸಮುದಾಯದ ಸುದ್ದಿಯನ್ನು ಬೇರೆಯವರು ಬರೆಯುತ್ತಾರೆ, ತಪ್ಪು ಬರೆದಾಗ ನಾವು ಮಸೀದಿ ಅಂಗಳದಲ್ಲಿ ನಿಂತು ಬೈಯುತ್ತೇವೆ. ಬರೆಯುವ ಕೋಣೆಯಲ್ಲಿ ನಮ್ಮ ಒಬ್ಬ ಹುಡುಗ, ಒಬ್ಬ ಹುಡುಗಿ ಇರಬೇಕು ಎಂದು ನಮಗೆ ಅನಿಸೋದಿಲ್ಲ. ಇಂಜಿನಿಯರ್, ಅಕೌಂಟೆಂಟ್, ಇಲ್ಲವಾದರೆ ದುಬೈ. ಪತ್ರಿಕೋದ್ಯಮ ಎಂದರೆ ಮನೆಯಲ್ಲಿ ಮುಖ ಸಣ್ಣದಾಗುತ್ತದೆ. ದಿಲ್ಲಿಯ ಆ ಸಮೂಹ ಸಂವಹನ ಸಂಸ್ಥೆ 1965ರಿಂದ ನಡೀತಾ ಇದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲೂ ಈ ವಿಷಯದಲ್ಲಿ ಎಂ.ಎ. ಮಾಡಬಹುದು. ನಮ್ಮ ರಾಜ್ಯದ ವಾರ್ತಾ ಇಲಾಖೆಗೆ ಪ್ರತಿ ಜಿಲ್ಲೆಯಲ್ಲೂ ಕಚೇರಿ ಉಂಟು, ನಮ್ಮದು ಕಾರವಾರದಲ್ಲಿ. ಇವೆಲ್ಲ ಓದಿನ ಮೇಲೆ ಸಿಗುವ ಜಾಗಗಳು.

ಕರಾವಳಿಯವರಿಗೆ ಇದು ಎಟುಕದ ಎತ್ತರವೂ ಅಲ್ಲ. ಸಿದ್ದರಾಮಯ್ಯನವರು 2013ರಲ್ಲಿ ಮೊದಲ ಸಲ ಮುಖ್ಯಮಂತ್ರಿಯಾದಾಗ ಮಾಧ್ಯಮ ಸಲಹೆಗಾರರಾಗಿ ಕರೆದುಕೊಂಡದ್ದು ದಿನೇಶ್ ಅಮೀನ್ ಮಟ್ಟು ಅವರನ್ನು. ದಕ್ಷಿಣ ಕನ್ನಡದವರು, ವಡ್ಡರ್ಸೆ ರಘುರಾಮ ಶೆಟ್ಟರ 'ಮುಂಗಾರು' ಪತ್ರಿಕೆಯಲ್ಲಿ ಪಳಗಿ, 'ಪ್ರಜಾವಾಣಿ'ಯಲ್ಲಿ ಹೆಸರು ಮಾಡಿದವರು. ಶಾರದಾ ಪ್ರಸಾದರ ಹಾಗೆ ಮರೆಯಲ್ಲಿ ಕೂತವರಲ್ಲ ಇವರು. ತಮ್ಮ ವಿಚಾರ ತಮ್ಮ ಹೆಸರಲ್ಲೇ ಹೇಳುವವರು, ಅದಕ್ಕೆ ಬೈಗುಳವನ್ನೂ ಉಂಡವರು. ಎರಡೂ ರೀತಿ ಉಂಟು ಎಂದು ಹುಡುಗನಿಗೆ ಹೇಳಿದೆವು. ಇಬ್ಬರಲ್ಲೂ ಒಂದು ವಿಷಯ ಸಮ. ರಾಜಕಾರಣಿಯ ಬಾಗಿಲಿಗೆ ಹೋಗುವ ಮೊದಲೇ ಹತ್ತಾರು ವರ್ಷ ಪತ್ರಿಕೆಯಲ್ಲಿ ದುಡಿದು ತನ್ನದೆಂಬ ಒಂದು ಹೆಸರು ಮಾಡಿಕೊಂಡಿದ್ದರು. ಆಗೋದಿಲ್ಲ ಸ್ವಾಮಿ ಎಂದು ಎದ್ದು ಬಂದರೂ ಊಟಕ್ಕೆ ದಾರಿ ಇತ್ತು. ನಮ್ಮ ಹುಡುಗನಿಗೆ ವಯಸ್ಸು ಇಪ್ಪತ್ತಮೂರು. ಅವನಿಗೆ ಆ ದಾರಿ ಇಲ್ಲ. ಇದು ಅವನ ತಪ್ಪಲ್ಲ, ಆದರೆ ಅವನು ಇದನ್ನು ತಿಳಿದಿರಬೇಕು.

ಕೊನೆಗೆ ಹೂಳಿನ ವಿಷಯಕ್ಕೆ ಬಂದೆವು. "ಮಂಜೂರಾಗಿದೆ ಅಂತ ಬರೀಬೇಡ. ಮಂಜೂರು ಮಾಡಿ ಅಂತ ಸಾಹೇಬರು ಮೇಲಿನವರಿಗೆ ಪತ್ರ ಬರೆದರೆ, ಪತ್ರ ಬರೆದಿದ್ದಾರೆ ಅಂತ ಬರಿ. ಪತ್ರವನ್ನೂ ನೀನೇ ಬರೆದುಕೊಡು. ಚೆನ್ನಾಗಿ ಬರಿ" ಎಂದೆವು. ಹುಡುಗ ನಕ್ಕ. ಮಗ್ರಿಬ್ ಬಾಂಗ್ ಆಯಿತು, ಒಟ್ಟಿಗೆ ಎದ್ದೆವು.

ಮೂರು ದಿನ ಬಿಟ್ಟು ಫೋನ್ ಮಾಡಿದ. ಪತ್ರ ಬರೆದುಕೊಟ್ಟನಂತೆ, ಎರಡು ಪುಟ. ಬೋಟು ತಾಗುವ ಜಾಗ ಯಾವುದು, ನೀರಿಳಿತದ ಹೊತ್ತಲ್ಲಿ ಎಷ್ಟು ಆಳ ಉಳಿಯುತ್ತದೆ ಎಂದು ಕಾಕನ ಹತ್ತಿರ ಕೇಳಿ ಕೇಳಿ ಬರೆದನಂತೆ. ಸಾಹೇಬರು ಓದಿ ಮೇಜಿನ ಮೇಲೆ ಇಟ್ಟರು, ಏನೂ ಹೇಳಲಿಲ್ಲ. ಸಹಿ ಆಗಿಲ್ಲ. ಮಂಜೂರಾಗಿದೆ ಎಂಬ ಪೋಸ್ಟನ್ನು ಅದೇ ಕಚೇರಿಯ ಇನ್ನೊಬ್ಬ ಹುಡುಗ ಹಾಕಿದ, ಸಾವಿರದ ಮೇಲೆ ಲೈಕ್ ಬಂದಿದೆ. ಅದರ ಕೆಳಗೆ ಇವನ ಕಾಕನೂ ಮಾಶಾ ಅಲ್ಲಾಹ್ ಎಂದು ಬರೆದಿದ್ದಾರಂತೆ.

"ಕಾಕನಿಗೆ ಹೇಳಿದೆಯಾ?" ಎಂದು ಕೇಳಿದೆವು.

"ಇವತ್ತು ರಾತ್ರಿ ಹೇಳ್ತೇನೆ ಉಸ್ತಾದ್" ಎಂದ. ಈ ತಿಂಗಳ ಸಂಬಳ ಅವನಿಗಿನ್ನೂ ಬಂದಿಲ್ಲ.